ಜಗತ್ತಿನ ನಡುವಿದ್ದೂ ಜಗತ್ತಿಗೆ ದೂರ: ಅಮೆರಿಕದ ಅಂತರ್ಮುಖಿ ಬದುಕಿನ ಹಿನ್ನೆಲೆ

2014ರ ಮಾರ್ಚ್ ತಿಂಗಳಲ್ಲಿ ರಷ್ಯಾ ಕ್ರಿಮಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಬಳಿಕದ ಕೆಲವೇ ದಿನಗಳಲ್ಲಿ ಮೂವರು ರಾಜ್ಯಶಾಸ್ತ್ರಜ್ಞರು ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮುಂದೆ ಜಗತ್ತಿನ ಭೂಪಟವನ್ನಿಟ್ಟು, ಉಕ್ರೇನ್ ಎಲ್ಲಿದೆ ಗುರುತಿಸಿ ಎಂದು ಕೇಳಿದರು. ಸರಿಯಾಗಿ ಗುರುತಿಸಿದವರು ಆರು ಜನರಲ್ಲಿ ಒಬ್ಬರು ಮಾತ್ರ. ಉಳಿದವರ ಗುರುತುಗಳು ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕಗಳಲ್ಲೆಲ್ಲ ಚದುರಿದ್ದವು. ಇಷ್ಟೇ ಆಗಿದ್ದರೆ ಅದು ಒಂದು ದಿನದ ಸುದ್ದಿಯಾಗಿ ಮರೆಯಾಗುತ್ತಿತ್ತು. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡುಬಂತು. ಗುರುತು ಉಕ್ರೇನಿನಿಂದ ದೂರ ಸರಿದಷ್ಟೂ, ಅಲ್ಲಿಗೆ ಅಮೆರಿಕದ ಸೇನೆಯನ್ನು ಕಳುಹಿಸಬೇಕು ಎನ್ನುವವರ ಒಲವು ಹೆಚ್ಚಾಗಿತ್ತು.

ಎಲ್ಲ ದೇಶಗಳಲ್ಲೂ ಹೊರಜಗತ್ತನ್ನು ಅರಿಯದ ಜನರಿದ್ದಾರೆ. ಅವರ ಅರಿವಿನ ಕೊರತೆಯಿಂದ ಸಾಮಾನ್ಯವಾಗಿ ದೂರದ ಯಾರಿಗೂ ತೊಂದರೆಯಾಗುವುದಿಲ್ಲ. ಅಮೆರಿಕದ ಮಾತು ಬೇರೆ. ಅದರ ಸೇನಾನೆಲೆಗಳು ಹತ್ತಾರು ದೇಶಗಳಲ್ಲಿವೆ. ಜಗತ್ತಿನ ಕೇಂದ್ರ ಬ್ಯಾಂಕುಗಳು ಕಾಪಿಟ್ಟ ವಿದೇಶಿ ವಿನಿಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡಾಲರಿನದು. ಅಲ್ಲಿನ ಮತದಾರ ಕೊಟ್ಟ ತೀರ್ಪಿನ ಪರಿಣಾಮವನ್ನು ಬಾಗ್ದಾದಿನ ವ್ಯಾಪಾರಿಯೂ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೂ ಅನುಭವಿಸುತ್ತಾರೆ. ಆದ್ದರಿಂದ ಅಮೆರಿಕನ್ನರಲ್ಲಿ ಹಲವರು ಜಗತ್ತಿನಿಂದ ದೂರ ಉಳಿದಂತೆ ಕಾಣುವುದೇಕೆ ಎಂಬ ಪ್ರಶ್ನೆಯನ್ನು ನಗೆಚಾಟಿಕೆಗೆ ಬಿಡದೆ ಗಂಭೀರವಾಗಿ ಕೇಳಬೇಕಾಗಿದೆ.

ಪಾಸ್‌ಪೋರ್ಟ್ ಹೇಳುವುದು, ಹೇಳದಿರುವುದು

ಅಮೆರಿಕನ್ನರಲ್ಲಿ ಬಹುತೇಕರ ಬಳಿ ಪಾಸ್‌ಪೋರ್ಟೇ ಇಲ್ಲ ಎಂಬ ಮಾತು ದಶಕಗಳಿಂದ ಚಲಾವಣೆಯಲ್ಲಿದೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1989ರಲ್ಲಿ ಬಳಕೆಯಲ್ಲಿದ್ದ ಅಮೆರಿಕದ ಪಾಸ್‌ಪೋರ್ಟ್‌ಗಳು 70 ಲಕ್ಷದ ಆಸುಪಾಸಿನಲ್ಲಿದ್ದವು. ಅಂದರೆ ನೂರಕ್ಕೆ ಮೂವರ ಬಳಿ. 2023ರ ಹೊತ್ತಿಗೆ ಆ ಸಂಖ್ಯೆ 16 ಕೋಟಿ ಮುಟ್ಟಿತ್ತು, ಜನಸಂಖ್ಯೆಯ ಹೆಚ್ಚುಕಡಿಮೆ ಅರ್ಧದಷ್ಟು. ಮೂರೂವರೆ ದಶಕಗಳಲ್ಲಾದ ಈ ಏರಿಕೆಗೆ ಕುತೂಹಲವೊಂದೇ ಕಾರಣವಲ್ಲ. ಹಿಂದೆ ಕೆನಡಾ, ಮೆಕ್ಸಿಕೊಗಳಿಗೆ ಹೋಗಿಬರಲು ಚಾಲನಾ ಪರವಾನಗಿ, ಜನನ ಪ್ರಮಾಣಪತ್ರಗಳಷ್ಟೇ ಸಾಕಾಗುತ್ತಿದ್ದವು. 2001ರ ಭಯೋತ್ಪಾದಕ ದಾಳಿಯ ನಂತರ ನಿಯಮಗಳು ಬಿಗಿಯಾದವು. 2007ರಿಂದ ವಿಮಾನದಲ್ಲಿ, 2009ರಿಂದ ರಸ್ತೆ ಮತ್ತು ಸಮುದ್ರ ಮಾರ್ಗದಲ್ಲಿ ಬರುವವರಿಗೂ ಪಾಸ್‌ಪೋರ್ಟ್ ಅಥವಾ ತತ್ಸಮಾನ ದಾಖಲೆ ಕಡ್ಡಾಯವಾಯಿತು. ನೆರೆಮನೆಗೆ ಹೋಗಿಬರಲು ಬೇಕಾದ ಕಾಗದವೂ ಅಂಕಿಗಳನ್ನು ಮೇಲಕ್ಕೆತ್ತಿತು.

ಪಾಸ್‌ಪೋರ್ಟನ್ನೇ ಅಳತೆಗೋಲಾಗಿಸಿದರೆ ನಾವೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. 2023ರಲ್ಲಿ ಇಪ್ಪತ್ತನಾಲ್ಕು ದೇಶಗಳಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಹೊರದೇಶಕ್ಕೆ ಹೋದವರು ಅಮೆರಿಕದಲ್ಲಿ ನೂರಕ್ಕೆ 76. ಸ್ವೀಡನ್ನಿನಲ್ಲಿ ಅದು 99, ಭಾರತದಲ್ಲಿ ಕೇವಲ 3. ಬಡತನ ಕಟ್ಟಿಹಾಕಿದ ಜನರನ್ನೂ, ಹೋಗಬಹುದಾಗಿದ್ದೂ ಹೋಗದ ಜನರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಮೆರಿಕದ ಒಳಗೂ ಇದೇ ಭೇದವಿದೆ. ಪಾಸ್‌ಪೋರ್ಟ್ ಹೊಂದಿದವರು ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಹೆಚ್ಚು. ಮಿಸಿಸಿಪ್ಪಿ, ವೆಸ್ಟ್ ವರ್ಜೀನಿಯಾ, ಅಲಬಾಮಗಳಲ್ಲಿ ಅತಿ ಕಡಿಮೆ. ಇವು ಆದಾಯದಲ್ಲೂ ಕೊನೆಯ ಸಾಲಿನ ರಾಜ್ಯಗಳೇ. ‘ಅಮೆರಿಕನ್ನರು’ ಎಂದು ಒಟ್ಟಾಗಿ ಮಾತಾಡುವಾಗ, ಕರಾವಳಿಯ ದೊಡ್ಡ ನಗರಗಳ ಜನರನ್ನೂ ಅಪಲೇಷಿಯನ್ ಬೆಟ್ಟಗಳ ಗಣಿ ಊರುಗಳವರನ್ನೂ ಒಂದೇ ಹೆಸರಿನಲ್ಲಿ ಕೂಡಿಸುತ್ತಿದ್ದೇವೆ ಎಂಬುದು ನೆನಪಿರಬೇಕು.

ಎರಡು ಸಾಗರಗಳು ಕೊಟ್ಟ ನಿರಾತಂಕ

ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಹೆಚ್ಚುಕಡಿಮೆ ನಾಲ್ಕು ಸಾವಿರ ಕಿಲೋಮೀಟರ್. ಅಷ್ಟು ದೂರ ಸಾಗಿದರೂ ಭಾಷೆ ಬದಲಾಗುವುದಿಲ್ಲ, ಹಣ ಬದಲಾಗುವುದಿಲ್ಲ, ಹೆದ್ದಾರಿ ಬದಿಯ ಅಂಗಡಿಗಳ ಹೆಸರುಗಳೂ ಬದಲಾಗುವುದಿಲ್ಲ. ನಡುವೆ ಹಿಮಶಿಖರ, ಮರುಭೂಮಿ, ಮಹಾಕಣಿವೆ, ಹುಲ್ಲುಗಾವಲು ಎಲ್ಲವೂ ಬರುತ್ತವೆ. ಪಶ್ಚಿಮಕ್ಕೆ ಇನ್ನೂ ಹೋದರೆ ಹವಾಯಿ ದ್ವೀಪಗಳು, ಉತ್ತರಕ್ಕೆ ಅಲಾಸ್ಕ. ಅತ್ತ ಯುರೋಪಿನ ಬ್ರಸೆಲ್ಸ್‌ನಿಂದ ಅರ್ಧ ದಿನ ರೈಲಿನಲ್ಲಿ ಹೊರಟರೆ ನಾಲ್ಕಾರು ದೇಶಗಳನ್ನು ತಲುಪಬಹುದು. ನೆಲಗಡಿಯಲ್ಲಿ ಎರಡೇ ನೆರೆದೇಶಗಳು, ಅಕ್ಕಪಕ್ಕ ಎರಡು ಮಹಾಸಾಗರಗಳು ಇರುವ ನಾಡಿನಲ್ಲಿ ‘ಹೊರದೇಶ’ವೆಂಬುದು ದಿನನಿತ್ಯದ ಅನುಭವವಾಗುವುದು ಕಷ್ಟ.

ಈ ಭೂಗೋಳವೇ ರಾಜಕೀಯ ಸಂಪ್ರದಾಯವೂ ಆಯಿತು. ದೇಶದ ಮೊದಲ ಅಧ್ಯಕ್ಷರು 1796ರ ವಿದಾಯ ಸಂದೇಶದಲ್ಲಿ, ಪರರಾಷ್ಟ್ರಗಳೊಡನೆ ಶಾಶ್ವತ ಮೈತ್ರಿಗಳಿಂದ ದೂರವಿರುವಂತೆ ಎಚ್ಚರಿಸಿದ್ದರು. ಮೊದಲ ಮಹಾಯುದ್ಧದ ಬಳಿಕ ರಾಷ್ಟ್ರಗಳ ಸಂಘವನ್ನು ಕಲ್ಪಿಸಿದ್ದು ಅಮೆರಿಕದ ಅಧ್ಯಕ್ಷರೇ. ಅದಕ್ಕೆ ಸೇರಲು ಒಪ್ಪದಿದ್ದದ್ದು ಅವರದೇ ದೇಶದ ಸೆನೆಟ್. 1924ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲನ್ನು ಬಹುತೇಕ ಮುಚ್ಚಿ, ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಕಿರಿದುಗೊಳಿಸಿತು. ಆ ಬಾಗಿಲು ಮತ್ತೆ ತೆರೆದದ್ದು 1965ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಹೊರನಾಡಿನಲ್ಲಿ ಹುಟ್ಟಿದವರ ಪಾಲು ಸತತವಾಗಿ ಇಳಿದು 1970ಕ್ಕೆ ನೂರಕ್ಕೆ ಐದಕ್ಕಿಂತ ಕೆಳಗಾಯಿತು. ಇಂದಿನ ಹಿರಿಯ ಅಮೆರಿಕನ್ನರು ಬೆಳೆದದ್ದು ಆ ಇಳಿಗಾಲದಲ್ಲಿ. ಇದನ್ನು ಮರೆತರೆ ಇಂದಿನ ಎಷ್ಟೋ ಮನೋಭಾವಗಳು ಅರ್ಥವಾಗುವುದಿಲ್ಲ.

ಬಿಡುವಿನ ಪ್ರಶ್ನೆಯೂ ಇದೆ. ಯುರೋಪಿನ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಅಮೆರಿಕದ ಕೇಂದ್ರ ಕಾನೂನು ಒಂದು ದಿನದ ಸಂಬಳಸಹಿತ ರಜೆಯನ್ನೂ ಕಡ್ಡಾಯಗೊಳಿಸಿಲ್ಲ. ಅದು ಮಾಲೀಕರ ಇಚ್ಛೆಗೆ ಬಿಟ್ಟ ವಿಚಾರ. ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಕೆಲವು ವಿನಾಯಿತಿಗಳ ಹೊರತು ದೇಶದ ಗಡಿ ದಾಟುವುದಿಲ್ಲ. ನಿವೃತ್ತ ದಂಪತಿ ವಿದೇಶ ಪ್ರವಾಸಕ್ಕೆ ಹಿಂಜರಿದರೆ ಅದಕ್ಕೆ ಜಗತ್ತಿನ ಬಗೆಗಿನ ಉದಾಸೀನವೇ ಕಾರಣವಾಗಬೇಕಿಲ್ಲ.

ತರಗತಿಯಿಂದ ಜಾರಿದ ಜಗತ್ತು

ಅಮೆರಿಕ ಹುಟ್ಟಿನಿಂದಲೂ ಒಂದೇ ನುಡಿಯ ನಾಡಾಗಿರಲಿಲ್ಲ. 1915ರ ಸುಮಾರಿಗೆ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ನಾಲ್ಕನೆಯ ಒಂದು ಪಾಲು ಜರ್ಮನ್ ಕಲಿಯುತ್ತಿತ್ತು. ಮಧ್ಯಪಶ್ಚಿಮದ ಊರುಗಳಲ್ಲಿ ಚರ್ಚು, ಪತ್ರಿಕೆ, ಶಾಲೆಗಳು ಜರ್ಮನ್ನಿನಲ್ಲೇ ನಡೆಯುತ್ತಿದ್ದವು. ಮಹಾಯುದ್ಧ ಅದನ್ನು ಒಂದೇ ಏಟಿಗೆ ಕಡಿದುಹಾಕಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ಸಾರ್ವಜನಿಕ ಸ್ಥಳಗಳಲ್ಲಿ, ಟೆಲಿಫೋನಿನಲ್ಲಿ ಕೂಡ, ಇಂಗ್ಲಿಷನ್ನಷ್ಟೇ ಆಡಬೇಕೆಂದು ಆಜ್ಞೆ ಹೊರಡಿಸಿದರು. 1919ರಲ್ಲಿ ನೆಬ್ರಾಸ್ಕ ರಾಜ್ಯ ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನು ಅಪರಾಧವಾಗಿಸಿತು. ಹತ್ತು ವರ್ಷದ ಮಗುವಿಗೆ ಜರ್ಮನ್ ಓದಲು ಕಲಿಸಿದ ತಪ್ಪಿಗೆ ಶಿಕ್ಷಕರೊಬ್ಬರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದುಗೊಳಿಸಿತು. ಕಾನೂನು ಹೋಯಿತು, ಕಲಿಕೆ ಮರಳಲಿಲ್ಲ. ಜರ್ಮನ್ ಕಲಿಯುವ ಪ್ರೌಢಶಾಲಾ ಮಕ್ಕಳ ಪಾಲು ಅಷ್ಟರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಯಾಗಿತ್ತು.

ಇಂದು ಯುರೋಪಿನ ಶಾಲಾಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಒಂದಲ್ಲ ಒಂದು ವಿದೇಶಿ ಭಾಷೆ ಕಲಿಯುತ್ತಾರೆ. ಅಮೆರಿಕದಲ್ಲಿ ಐವರಲ್ಲಿ ಒಬ್ಬರು. ಜಗತ್ತೇ ಇಂಗ್ಲಿಷ್ ಕಲಿಯುತ್ತಿರುವಾಗ ಇನ್ನೊಂದು ಭಾಷೆಯ ಅಗತ್ಯವೇನು ಎಂಬ ಪ್ರಶ್ನೆಗೆ ಅಲ್ಲಿನ ಪಾಲಕರ ಬಳಿ ಉತ್ತರವಿಲ್ಲ; ಅವರ ಅನುಭವದ ಮಟ್ಟಿಗೆ ಆ ಪ್ರಶ್ನೆ ಸರಿಯೂ ಹೌದು. ಭೂಗೋಳದ ಕಥೆ ಇದಕ್ಕಿಂತ ಭಿನ್ನವಲ್ಲ. ಶಾಲೆಗಳಲ್ಲಿ ಅದು ಬಹಳ ಹಿಂದೆಯೇ ‘ಸಮಾಜ ಅಧ್ಯಯನ’ದೊಳಗೆ ಕರಗಿಹೋಯಿತು. 1948ರಲ್ಲಿ ದೇಶದ ಅತ್ಯಂತ ಹಳೆಯ ವಿಶ್ವವಿದ್ಯಾಲಯವೇ ತನ್ನ ಭೂಗೋಳ ವಿಭಾಗದ ಬಾಗಿಲು ಹಾಕಿತು. 2002ರಲ್ಲಿ ಜಾರಿಗೆ ಬಂದ ಶಿಕ್ಷಣ ಕಾನೂನು ಶಾಲೆಗಳ ಯಶಸ್ಸನ್ನು ಮುಖ್ಯವಾಗಿ ಓದು ಮತ್ತು ಗಣಿತದ ಪರೀಕ್ಷೆಗಳಿಂದ ಅಳೆಯತೊಡಗಿದಾಗ, ಪರೀಕ್ಷೆಗೆ ಬಾರದ ವಿಷಯಗಳ ವೇಳೆ ಇನ್ನಷ್ಟು ಕುಗ್ಗಿತು. 2018ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಭೂಗೋಳದಲ್ಲಿ ನಿಗದಿತ ಮಟ್ಟ ತಲುಪಿದ ಎಂಟನೆಯ ತರಗತಿಯ ಮಕ್ಕಳು ನೂರಕ್ಕೆ 25.

ಗೋಧಿಯ ಹಣ, ಕನ್ನಡದ ಪುಸ್ತಕ

ಇದಕ್ಕೆ ವಿರುದ್ಧವಾದ ಅಧ್ಯಾಯವೂ ಇದೇ ದೇಶದ ಚರಿತ್ರೆಯಲ್ಲಿದೆ. ಅದರಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿತು. ಮರುವರ್ಷವೇ ರೂಪುಗೊಂಡ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ವಿಜ್ಞಾನದ ಜೊತೆಗೆ ವಿದೇಶಿ ಭಾಷೆಗಳಿಗೂ ಪ್ರದೇಶಗಳ ಅಧ್ಯಯನಕ್ಕೂ ಸರ್ಕಾರದ ಹಣ ಒದಗಿಸಿತು. ವಿಶ್ವವಿದ್ಯಾಲಯಗಳಲ್ಲಿ ದಕ್ಷಿಣ ಏಷ್ಯಾ ಕೇಂದ್ರಗಳು ಎದ್ದವು.

ಅದೇ ಹೊತ್ತಿಗೆ ಭಾರತ ಪಿಎಲ್ 480 ಯೋಜನೆಯಡಿ ಅಮೆರಿಕದ ಗೋಧಿ ತರಿಸಿಕೊಳ್ಳುತ್ತಿತ್ತು. ಹಿರಿಯ ಓದುಗರಿಗೆ ಆ ಗೋಧಿಯ ಬಣ್ಣ, ಪಡಿತರದ ಸಾಲು ನೆನಪಿದ್ದೀತು. ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲೇ ತೆರುತ್ತಿತ್ತು. ಆ ರೂಪಾಯಿ ಅಮೆರಿಕದ ಖಾತೆಯಲ್ಲಿ ಇಲ್ಲಿಯೇ ರಾಶಿಬಿದ್ದಿತ್ತು. ಅದರ ಒಂದು ಭಾಗವನ್ನು ಪುಸ್ತಕ ಕೊಳ್ಳಲು ಬಳಸಬಹುದೆಂದು ಕಾನೂನು ತಿದ್ದುಪಡಿಯಾಯಿತು. 1962ರಲ್ಲಿ ದೆಹಲಿಯಲ್ಲಿ ತೆರೆದ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಖರೀದಿಸಿ ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸುವ ಕೆಲಸ ಆರಂಭವಾಯಿತು. ಕನ್ನಡದ ಕಾದಂಬರಿ, ಕವನಸಂಕಲನ, ಸಂಶೋಧನ ಗ್ರಂಥಗಳು ಸಾಗರ ದಾಟಿದ್ದು ಹೀಗೆ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಕವಿ-ವಿದ್ವಾಂಸರೊಬ್ಬರು ವಚನಗಳ ಇಂಗ್ಲಿಷ್ ಅನುವಾದವನ್ನು 1973ರಲ್ಲಿ ಪ್ರಕಟಿಸಿದಾಗ ಅದನ್ನು ಓದಿ ಚರ್ಚಿಸಬಲ್ಲ ವಿದ್ಯಾರ್ಥಿ ವೃಂದವೊಂದು ಅಲ್ಲಿ ತಯಾರಾಗಿತ್ತು. ಮೈಸೂರಿಗೆ ಬಂದು ಕನ್ನಡ ಕಲಿತು ಹೋದ ಅಮೆರಿಕದ ಸಂಶೋಧಕರ ಪರಂಪರೆ ಇಂದಿಗೂ ಸಣ್ಣದಾಗಿ ಉಳಿದಿದೆ. 1961ರಲ್ಲಿ ಆರಂಭವಾದ ಸ್ವಯಂಸೇವಕರ ಯೋಜನೆಯ ಮೂಲಕ ಸಾವಿರಾರು ಅಮೆರಿಕನ್ ಯುವಜನರು ಭಾರತದ ಹಳ್ಳಿಗಳಲ್ಲಿ ಎರಡೆರಡು ವರ್ಷ ಇದ್ದು ಹೋದರು. ಆ ಯೋಜನೆ ಭಾರತದಲ್ಲಿ 1976ಕ್ಕೆ ನಿಂತಿತು.

ಇವೆಲ್ಲ ನಿಸ್ವಾರ್ಥ ಸೇವೆಯಾಗಿರಲಿಲ್ಲ. ಶೀತಲ ಸಮರದ ಲೆಕ್ಕಾಚಾರವೇ ಹಿಂದಿತ್ತು. ಆದರೂ ಇದರಿಂದ ಒಂದು ಸಂಗತಿ ಖಚಿತವಾಗುತ್ತದೆ: ಆ ಸಮಾಜ ಜಗತ್ತನ್ನು ಅರಿಯಬೇಕೆಂದು ನಿರ್ಧರಿಸಿ ಹಣ ಹೂಡಿದಾಗ ಅರಿಯಿತು. ಶೀತಲ ಸಮರ ಮುಗಿದ ಮೇಲೆ ಆ ನಿರ್ಧಾರ ಸಡಿಲಗೊಂಡಿತು. ಭಾಷೆ ಮತ್ತು ಪ್ರದೇಶ ಅಧ್ಯಯನಗಳ ಅನುದಾನಕ್ಕೆ 2011ರಲ್ಲಿ ಭಾರೀ ಕಡಿತವಾಯಿತು. 2025ರಲ್ಲಿ ಅದು ಮತ್ತೆ ಕತ್ತರಿಗೆ ಸಿಕ್ಕಿತು. ಕಾಲೇಜುಗಳಲ್ಲಿ ವಿದೇಶಿ ಭಾಷೆಗಳ ದಾಖಲಾತಿ 2016ರಿಂದ 2021ರ ನಡುವೆ ಆರನೆಯ ಒಂದು ಭಾಗದಷ್ಟು ಕುಸಿಯಿತು. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷ. ಅದರ ಹಿಂದಿನ ವರ್ಷ ಜಗತ್ತಿನ ಎಲ್ಲ ದೇಶಗಳಿಗೂ ಸೇರಿ ಓದಲು ಹೋದ ಅಮೆರಿಕನ್ನರು ಸುಮಾರು 2.8 ಲಕ್ಷ. ಅವರಲ್ಲಿ ಹೆಚ್ಚಿನವರು ಒಂದು ಸೆಮಿಸ್ಟರಿಗೋ ಕೆಲವು ವಾರಗಳಿಗೋ ಹೋದವರು, ಅದೂ ಬಹುಪಾಲು ಪಶ್ಚಿಮ ಯುರೋಪಿಗೆ.

ಕುಗ್ಗಿದ ಪತ್ರಿಕೆ, ದೂರವಾದ ಯುದ್ಧ

ಒಂದು ಕಾಲಕ್ಕೆ ಬಾಸ್ಟನ್, ಬಾಲ್ಟಿಮೋರ್, ಫಿಲಡೆಲ್ಫಿಯಾದಂಥ ನಗರಗಳ ಪತ್ರಿಕೆಗಳೂ ವಿದೇಶಗಳಲ್ಲಿ ಸ್ವಂತ ವರದಿಗಾರರನ್ನು ಇರಿಸಿದ್ದವು. ತನ್ನ ಊರಿನ ಪತ್ರಿಕೆಯವನೇ ಜೆರುಸಲೇಮಿನಿಂದಲೋ ಜೋಹಾನ್ಸ್‌ಬರ್ಗ್‌ನಿಂದಲೋ ಬರೆದಾಗ ಓದುಗನಿಗೆ ಆ ಸುದ್ದಿ ತನ್ನದೆನಿಸುತ್ತಿತ್ತು. ಜಾಹೀರಾತು ಅಂತರ್ಜಾಲದ ಪಾಲಾದಂತೆ, 2000ದ ದಶಕದ ಕೊನೆಯ ಹೊತ್ತಿಗೆ ಆ ವಿದೇಶ ಕಚೇರಿಗಳು ಒಂದೊಂದಾಗಿ ಮುಚ್ಚಿದವು. 2005ರಿಂದೀಚೆಗೆ ದೇಶದ ಮೂರನೆಯ ಒಂದಕ್ಕಿಂತ ಹೆಚ್ಚು ಪತ್ರಿಕೆಗಳೇ ಇಲ್ಲವಾಗಿವೆ. ಉಳಿದ ಸುದ್ದಿವಾಹಿನಿಗಳಲ್ಲಿ ಹೊರಜಗತ್ತು ಬರುವುದು ಹೆಚ್ಚಾಗಿ ಯುದ್ಧ, ಭೂಕಂಪ, ವಲಸೆಗಾರರ ಸಾಲುಗಳ ರೂಪದಲ್ಲಿ.

ಯುದ್ಧವೂ ಹಿಂದಿನಂತೆ ಮನೆಮನೆಯ ಮಾತಾಗಿ ಉಳಿಯಲಿಲ್ಲ. ಕಡ್ಡಾಯ ಸೈನ್ಯಭರ್ತಿ 1973ರಲ್ಲಿ ನಿಂತಿತು. ಈಗ ಸಕ್ರಿಯ ಸೇನೆಯಲ್ಲಿರುವವರು ಜನಸಂಖ್ಯೆಯ ನೂರಕ್ಕೆ ಒಂದು ಪಾಲೂ ಅಲ್ಲ. ವಿಯೆಟ್ನಾಂ ಕಾಲದಲ್ಲಿ ಪ್ರತಿ ಬೀದಿಯ ಹುಡುಗನೂ ಆ ದೂರದ ದೇಶದ ಹೆಸರಿಗೆ ಹೆದರುತ್ತಿದ್ದ. ಇಪ್ಪತ್ತು ವರ್ಷಗಳ ಅಫ್ಗಾನಿಸ್ತಾನ ಯುದ್ಧವನ್ನು ಬಹುತೇಕ ಅಮೆರಿಕನ್ನರು ಟಿವಿ ಪರದೆಯ ಮೇಲಷ್ಟೇ ಕಂಡರು.

ಅರಿಯದಿರುವುದರ ಬೆಲೆ

ಇರಾಕ್ ಮೇಲಿನ ದಾಳಿಯಾಗಿ ಮೂರು ವರ್ಷ ಕಳೆದ ಮೇಲೆ, 2006ರಲ್ಲಿ, ಉನ್ನತ ಮಟ್ಟದ ಸಮಿತಿಯೊಂದು ವರದಿ ನೀಡಿತು. ಬಾಗ್ದಾದಿನ ಅಮೆರಿಕ ರಾಯಭಾರ ಕಚೇರಿಯ ಸುಮಾರು ಸಾವಿರ ಸಿಬ್ಬಂದಿಯಲ್ಲಿ ಅರಬ್ಬಿ ಬಲ್ಲವರು 33 ಮಂದಿ. ನಿರರ್ಗಳವಾಗಿ ಮಾತನಾಡಬಲ್ಲವರು ಆರೇ ಮಂದಿ ಎಂದು ಅದು ದಾಖಲಿಸಿತು. ಅದೇ ವರ್ಷದ ಇನ್ನೊಂದು ಸಮೀಕ್ಷೆಯಲ್ಲಿ 18ರಿಂದ 24 ವಯಸ್ಸಿನ ಅಮೆರಿಕನ್ನರಲ್ಲಿ ನೂರಕ್ಕೆ 63 ಮಂದಿ ಇರಾಕನ್ನು ಭೂಪಟದಲ್ಲಿ ಗುರುತಿಸಲಾರದೆ ಹೋದರು. ಅದೇ ವಯಸ್ಸಿನ ಸೈನಿಕರು ಅಲ್ಲಿ ಸಾಯುತ್ತಿದ್ದರು. ಅವರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಇರಾಕಿನ ನಾಗರಿಕರು ಸಾಯುತ್ತಿದ್ದರು.

ಬೆಲೆ ತೆತ್ತವರಲ್ಲಿ ಭಾರತೀಯರೂ ಇದ್ದಾರೆ. 2001ರ ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನದಲ್ಲಿ ಪೆಟ್ರೋಲ್ ಬಂಕಿನ ಸಿಖ್ ಮಾಲೀಕರೊಬ್ಬರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2017ರಲ್ಲಿ ಕ್ಯಾನ್ಸಸ್ ರಾಜ್ಯದ ಬಾರೊಂದರಲ್ಲಿ ಭಾರತೀಯ ಎಂಜಿನಿಯರ್ ಒಬ್ಬರನ್ನು ಕೊಂದವನು, ತಾನು ಇರಾನಿನವರ ಮೇಲೆ ಗುಂಡು ಹಾರಿಸಿದೆನೆಂದು ಹೇಳಿಕೊಂಡ. ಅಜ್ಞಾನ ಕೊಲ್ಲುವುದಿಲ್ಲ, ಕೊಲ್ಲುವುದು ದ್ವೇಷ, ನಿಜ. ಆದರೆ ದ್ವೇಷಕ್ಕೆ ಗುರಿ ತೋರಿಸುವ ಕೆಲಸವನ್ನು ಅಜ್ಞಾನ ಮಾಡಿತು.

ನೆರವಿನ ವಿಷಯದಲ್ಲೂ ಇಂಥದೇ ತಪ್ಪು ಗ್ರಹಿಕೆ ಕೆಲಸ ಮಾಡಿದೆ. ಕೇಂದ್ರ ಬಜೆಟ್ಟಿನಲ್ಲಿ ವಿದೇಶಿ ನೆರವಿನ ಪಾಲೆಷ್ಟು ಎಂದು ಕೇಳಿದಾಗಲೆಲ್ಲ ಅಮೆರಿಕನ್ನರ ಸರಾಸರಿ ಉತ್ತರ ಕಾಲುಭಾಗದ ಹತ್ತಿರ ಬರುತ್ತದೆ. ನಿಜವಾದ ಪಾಲು ನೂರಕ್ಕೆ ಒಂದರ ಆಸುಪಾಸು. 1961ರಿಂದ ನಡೆದುಬಂದಿದ್ದ ನೆರವಿನ ಸಂಸ್ಥೆಯನ್ನು 2025ರಲ್ಲಿ ಕಳಚಿಹಾಕಿದಾಗ ದೇಶದೊಳಗೆ ದೊಡ್ಡ ಜನಾಕ್ರೋಶ ಏಳದಿರಲು ಈ ಕಲ್ಪನೆಯೂ ಒಂದು ಕಾರಣವೆಂದು ಭಾವಿಸಬಹುದು.

ದೂರುವ ಮುನ್ನ

ಇಷ್ಟಾದರೂ ಅಮೆರಿಕದ ಸಾಮಾನ್ಯರನ್ನು ಕೂಪಮಂಡೂಕರೆಂದು ಜರೆದು ಮುಗಿಸುವುದು ಸರಿಯಲ್ಲ. ದೂರ ಸರಿದವರಲ್ಲಿ ಅನೇಕರಿಗೆ ಜಗತ್ತು ಪರಿಚಯವಾದ ಬಗೆಯನ್ನು ನೋಡಬೇಕು. 2000ದಿಂದ 2010ರ ನಡುವೆ ಅಲ್ಲಿನ ಕಾರ್ಖಾನೆಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಕೆಲಸಗಳು ಇಲ್ಲವಾದವು. ಯಂತ್ರೀಕರಣ, ಆರ್ಥಿಕ ಹಿಂಜರಿತಗಳ ಜೊತೆಗೆ 2001ರಲ್ಲಿ ವಿಶ್ವ ವ್ಯಾಪಾರ ವ್ಯವಸ್ಥೆಯೊಳಗೆ ಬಂದ ಚೀನಾದ ಪೈಪೋಟಿಯೂ ಕಾರಣ. ಉತ್ತರ ಕೆರೊಲೈನದ ಪೀಠೋಪಕರಣದ ಊರುಗಳಲ್ಲಿ, ಒಹಾಯೊದ ಉಕ್ಕಿನ ಪಟ್ಟಣಗಳಲ್ಲಿ ಜಾಗತೀಕರಣವೆಂದರೆ ಬೀಗ ಬಿದ್ದ ಗೇಟು. ಅಲ್ಲಿಯವರು ಜಗತ್ತನ್ನು ಅರಿಯದೆ ದೂರ ನಿಂತವರಲ್ಲ. ಅದರ ಒಂದೇ ಮುಖವನ್ನು ತೀರ ಹತ್ತಿರದಿಂದ ಕಂಡವರು. ವ್ಯಾಪಾರ ಒಪ್ಪಂದಗಳ ಲಾಭ ಉಂಡ ಸುಶಿಕ್ಷಿತ ವರ್ಗ, ನಷ್ಟ ಉಂಡವರನ್ನು ಸಂಕುಚಿತರೆಂದು ಕರೆದದ್ದು ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಇನ್ನೊಂದು ಸತ್ಯವೂ ಇದೆ. 2023ರಲ್ಲಿ ಅಮೆರಿಕದ ನಿವಾಸಿಗಳಲ್ಲಿ ಏಳು ಜನರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆಯಲ್ಲಿ ಇಂಗ್ಲಿಷೇತರ ಭಾಷೆ ಆಡುತ್ತಾರೆ. ಭಾರತ ಮೂಲದವರೇ ಅರ್ಧ ಕೋಟಿಯ ಹತ್ತಿರವಿದ್ದಾರೆ. ಜಗತ್ತಿನೊಡನೆ ಇಷ್ಟು ರಕ್ತಸಂಬಂಧವಿರುವ ದೇಶಗಳು ವಿರಳ. ಕೊರತೆಯಿರುವುದು ಆ ಸಂಬಂಧದ ಹಂಚಿಕೆಯಲ್ಲಿ. ಯುದ್ಧ ಸೈನಿಕರ ಕುಟುಂಬಗಳಿಗೆ, ಭಾಷೆ ವಲಸಿಗರಿಗೆ, ವಿದೇಶ ಪ್ರವಾಸ ಸಿರಿವಂತರಿಗೆ, ಪೈಪೋಟಿಯ ಪೆಟ್ಟು ಕಾರ್ಮಿಕರಿಗೆ ಎಂದು ಜಗತ್ತು ತುಂಡುತುಂಡಾಗಿ ಬೇರೆಬೇರೆ ಜನರ ಪಾಲಾಗಿದೆ. ಎಲ್ಲರಿಗೂ ಸಮನಾಗಿ ಸಿಗಬೇಕಿದ್ದ ಶಾಲೆಯ ಪಾಠ ಮತ್ತು ಊರಿನ ಪತ್ರಿಕೆಗಳೇ ಅತಿ ಹೆಚ್ಚು ಸೊರಗಿವೆ. ಈ ದೂರಕ್ಕೆ ಜನರ ಸ್ವಭಾವಕ್ಕಿಂತ ಸರ್ಕಾರಗಳ ಆಯ್ಕೆಗಳೇ ಹೆಚ್ಚು ಹೊಣೆ ಎಂಬ ತೀರ್ಮಾನಕ್ಕೆ ಬರಲು ಸಾಕಷ್ಟು ಆಧಾರವಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಈ ನಿಟ್ಟಿನಲ್ಲಿ ಮಾಡಬಹುದಾದ ಕೆಲಸವಿದೆ. ಕನ್ನಡ ಕೂಟಗಳ ಆಶ್ರಯದಲ್ಲಿ ವಾರಾಂತ್ಯದ ಕನ್ನಡ ತರಗತಿಗಳು ಅನೇಕ ಊರುಗಳಲ್ಲಿ ನಡೆಯುತ್ತಿವೆ. ಎರಡು ಭಾಷೆ ಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪದವಿಪತ್ರದ ಮೇಲೆ ಮುದ್ರೆಯೊತ್ತುವ ಪದ್ಧತಿಯನ್ನು 2011ರಲ್ಲಿ ಕ್ಯಾಲಿಫೋರ್ನಿಯಾ ಶಾಸನವಾಗಿಸಿತು. ಈಗ ಬಹುತೇಕ ಎಲ್ಲ ರಾಜ್ಯಗಳೂ ಅದನ್ನು ಅಳವಡಿಸಿಕೊಂಡಿವೆ. ಆದರೆ ನಮ್ಮ ಮಕ್ಕಳಿಗೆ ನಮ್ಮ ಭಾಷೆ ಕಲಿಸಿಕೊಂಡಷ್ಟಕ್ಕೆ ಪಕ್ಕದ ಮನೆಯ ಮಗುವಿನ ಜಗತ್ತು ಹಿಗ್ಗುವುದಿಲ್ಲ. ಅಲ್ಲಿ ಪಠ್ಯ, ಶಿಕ್ಷಕರ ನೇಮಕ, ಭಾಷಾ ತರಗತಿಗಳ ಹಣವನ್ನು ಹೆಚ್ಚಾಗಿ ನಿರ್ಧರಿಸುವುದು ಊರಿನ ಶಾಲಾ ಮಂಡಳಿಗಳು. ಅವುಗಳ ಸದಸ್ಯರು ಬಹುತೇಕ ಕಡೆ ಮತದಿಂದ ಆಯ್ಕೆಯಾಗುತ್ತಾರೆ. ಅಂಥ ಚುನಾವಣೆಗಳಲ್ಲಿ ಮತ ಹಾಕುವವರು ಕಡಿಮೆ, ಸಭೆಗಳಿಗೆ ಬರುವವರು ಇನ್ನೂ ಕಡಿಮೆ. ಪೌರತ್ವ ಪಡೆದ ಕನ್ನಡಿಗರು ಆ ಸಭೆಗಳಿಗೆ ಹೋಗಿ, ಭೂಗೋಳಕ್ಕೂ ಪರಭಾಷೆಗಳಿಗೂ ವೇಳಾಪಟ್ಟಿಯಲ್ಲಿ ಜಾಗ ಕೇಳಲಿ, ಕೇಳುವವರಿಗೆ ಮತ ಹಾಕಲಿ.